ಕತ್ತಿನ ಹಿಂದಿನ ಲೆಕ್ಕ

ನಮ್ಮ ಮನೆಯಲ್ಲಿ ಕಟಿಂಗ್‌ಗೆ ಮೂರು ದರ. ನಾನು ಹೋಗುವುದು ಹನುಮಂತನಗರದ ಅಡ್ಡರಸ್ತೆಯೊಂದರ ಎರಡು ಕುರ್ಚಿಯ ಅಂಗಡಿಗೆ, 150 ರೂಪಾಯಿ. ಪಿಯುಸಿ ಓದುವ ಮಗನಿಗೆ ಫೇಡ್ ಆಗಬೇಕು, ಅದೂ ಎಸಿ ಇರುವ ಜಾಗದಲ್ಲಿ. ಅವನದು 400. ಹೆಂಡತಿಯ ಲೇಯರ್ ಕಟ್ ಮಾಲ್‌ನ ಸೆಲೂನಿನಲ್ಲಿ, ಟ್ಯಾಕ್ಸ್ ಎಲ್ಲ ಸೇರಿ ಸಾವಿರದ ಮೇಲೆ. ಬಿಲ್ ನೋಡಿದರೆ ಆಕೆಯದೇ ದುಬಾರಿ ಅನ್ನಿಸುತ್ತದೆ. ಆದರೆ ಆಕೆ ಹೋಗುವುದು ನಾಲ್ಕು ತಿಂಗಳಿಗೊಮ್ಮೆ, ವರ್ಷಕ್ಕೆ ಮೂರೂವರೆ ಸಾವಿರದಲ್ಲಿ ಮುಗಿಯುತ್ತದೆ. ಮೂರು ವಾರಕ್ಕೊಮ್ಮೆ ಫೇಡ್ ಮಾಡಿಸುವ ಮಗನದು 6,800. ನನ್ನದು 1,800. ನನ್ನ ತಲೆಯ ಮೇಲೆ ಕತ್ತರಿಗೆ ಕೆಲಸವೇ ಕಡಿಮೆಯಾಗಿದೆ, ಹಾಗಾಗಿ ಅದನ್ನು ಉಳಿತಾಯ ಅಂತ ಹೇಳಿಕೊಳ್ಳುವಂತಿಲ್ಲ.

ಮಗನ ಬಾಬತ್ತು ಯಾಕೆ ಇಷ್ಟಾಗುತ್ತದೆ ಅನ್ನುವುದಕ್ಕೆ ಬೆಳವಣಿಗೆಯ ಲೆಕ್ಕ ನೋಡಬೇಕು. ತಲೆಗೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್, ಕೆಲವರಿಗೆ ತುಸು ಹೆಚ್ಚು ಬೆಳೆಯುತ್ತದೆ. ಅಂದರೆ ವಾರಕ್ಕೆ ಎರಡೂವರೆ ಮಿಲಿಮೀಟರ್. ಮಷಿನ್ನಿನ ತುದಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಬಾಚಣಿಗೆಯಲ್ಲಿ ಒಂದನೇ ನಂಬರ್ ಅಂದರೆ 3 ಮಿ.ಮೀ., ಎರಡನೇ ನಂಬರ್ ಅಂದರೆ 6. ಕಿವಿಯ ಮೇಲೆ ಝೀರೋ ಹೊಡೆಸಿಕೊಂಡು ಬಂದವನು ವಾರ ಕಳೆಯುವಷ್ಟರಲ್ಲಿ ಹೆಚ್ಚುಕಡಿಮೆ ಒಂದನೇ ನಂಬರಿಗೆ ಬಂದಿರುತ್ತಾನೆ, ಮೂರನೇ ವಾರಕ್ಕೆ ಎರಡನ್ನೂ ದಾಟಿರುತ್ತಾನೆ. ಹೆಂಡತಿಯ ಭುಜದವರೆಗಿನ ಕೂದಲಿಗೆ ಅದೇ ಮುಕ್ಕಾಲು ಸೆಂಟಿಮೀಟರ್ ಸೇರಿದರೆ ಆಕೆಗೇ ಗೊತ್ತಾಗುವುದಿಲ್ಲ. ಕೂದಲು ಗಿಡ್ಡವಾದಷ್ಟೂ ಅದನ್ನು ಗಿಡ್ಡವಾಗಿ ಇಟ್ಟುಕೊಳ್ಳುವ ಖರ್ಚು ಉದ್ದ.

ಇನ್ನೂ ಒಂದು ವಿಷಯವಿದೆ. ಮೂರು ವಾರದ ಮೇಲೆ ‘ಕೂದಲು ಬೆಳೆದುಬಿಟ್ಟಿದೆ’ ಅಂತ ಕನ್ನಡಿ ಮುಂದೆ ನಿಂತು ಅನ್ನುತ್ತೇವಲ್ಲ, ಆಗ ಕೆಟ್ಟಿರುವುದು ಇಡೀ ಕಟಿಂಗ್ ಏನಲ್ಲ. ಕತ್ತಿನ ಹಿಂದಿನ ಅಂಚು, ಕಿವಿಯ ಸುತ್ತ, ಸೈಡ್‌ಲಾಕ್ ಇಷ್ಟೇ. ನೆತ್ತಿಯ ಮೇಲಿನದು ಇನ್ನೂ ಎರಡು ವಾರ ಆರಾಮವಾಗಿ ನಡೆಯುತ್ತದೆ. ಆ ಮೂರು ಜಾಗ ಮನೆಯಲ್ಲೇ ಸರಿಮಾಡಿಕೊಂಡರೆ ಮೂರು ವಾರದ ಕಟಿಂಗ್ ಐದು ವಾರ ಬರುತ್ತದೆ. ಮಗನ 6,800 ಸುಮಾರು 4,000ಕ್ಕೆ ಇಳಿಯುತ್ತದೆ. ಫೇಡ್‌ನ ಆ ನುಣುಪು ಅಷ್ಟು ದಿನ ಇರುವುದಿಲ್ಲ, ನಿಜ. ಅದಕ್ಕೆ ಅವನು ಒಪ್ಪಿದ್ದು ಉಳಿದ ದುಡ್ಡಿನಲ್ಲಿ ಅರ್ಧ ಅವನ ಖಾತೆಗೆ ಹೋಗುತ್ತದೆ ಅಂದ ಮೇಲೆ.

ದುಡ್ಡು ಖರ್ಚಿಲ್ಲದ ಕೆಲಸ ಕುರ್ಚಿಯಲ್ಲಿ ಕೂತಾಗಲೇ ಆಗಬೇಕು. ಕತ್ತಿನ ಹಿಂದೆ ಸ್ಕೇಲ್ ಇಟ್ಟಂತೆ ನೇರ ಲೈನ್ ಹೊಡೆಸಿದರೆ ಆ ದಿನ ಚೆನ್ನ, ನಾಲ್ಕೈದು ದಿನಕ್ಕೆ ಲೈನಿನ ಕೆಳಗೆ ಕುರುಚಲು ಎದ್ದು ಕಾಣುತ್ತದೆ. ‘ಲೈನ್ ಬೇಡ, ಕೆಳಗೆ ಹಾಗೇ ಸಣ್ಣ ಮಾಡ್ತಾ ಬಿಡಿ’ ಅಂದರೆ ಸಾಕು, ಹೊಸದಾಗಿ ಬೆಳೆದದ್ದು ಹಳೆಯದರಲ್ಲಿ ಬೆರೆತುಹೋಗುತ್ತದೆ.

ಮನೆಯ ಕೆಲಸ ಹೀಗೆ. ಸ್ನಾನಕ್ಕೆ ಮೊದಲು, ಕೂದಲು ಒಣಗಿರುವಾಗ ಮಾಡುವುದು ಒಳ್ಳೆಯದು. ಒದ್ದೆ ಕೂದಲು ಉದ್ದ ಕಾಣುತ್ತದೆ, ಚರ್ಮಕ್ಕೆ ಅಂಟಿಕೊಂಡು ಬ್ಲೇಡಿಗೂ ಸಿಗುವುದಿಲ್ಲ. ಹಳೇ ಬನಿಯನ್ ಹಾಕಿಕೊಂಡು, ಬಾತ್‌ರೂಮಿನ ಕನ್ನಡಿಗೆ ಬೆನ್ನು ಮಾಡಿ, ಕೈಗನ್ನಡಿಯನ್ನು ಎದುರಿಗೆ ಹಿಡಿದರೆ ಕತ್ತು ಕಾಣುತ್ತದೆ. ಎರಡು ಕನ್ನಡಿಯ ಆಟದಲ್ಲಿ ಕೈ ಮೊದಲು ತಬ್ಬಿಬ್ಬಾಗುತ್ತದೆ, ಮನೆಯಲ್ಲಿ ಇನ್ನೊಬ್ಬರಿದ್ದರೆ ಅವರ ಕೈಗೆ ಕೊಡುವುದೇ ವಾಸಿ. ನನ್ನ ಕತ್ತು ಹೆಂಡತಿಯ ಪಾಲು, ಮಗನದು ನನ್ನ ಪಾಲು. ಟ್ರಿಮ್ಮರಿಗೆ ಪ್ಲಾಸ್ಟಿಕ್ ಬಾಚಣಿಗೆ ಸಿಕ್ಕಿಸದೆ, ಕತ್ತಿನ ಬುಡದಿಂದ ಮೇಲಕ್ಕೆ ಹೋಗಿ, ಕೂದಲಿನ ಸಹಜ ಅಂಚು ಬಂದ ಕೂಡಲೇ ನಿಲ್ಲಿಸಬೇಕು. ನಿಲ್ಲಿಸುವುದೇ ಕಷ್ಟ. ಎಡಗಡೆ ಒಂದು ಚೂರು ಮೇಲೆ ಹೋಯಿತು, ಬಲಗಡೆ ಸಮ ಮಾಡೋಣ, ಈಗ ಬಲಗಡೆ ಜಾಸ್ತಿಯಾಯಿತು ಅಂತ ಅಂಚು ಹತ್ತುತ್ತಲೇ ಹೋಗುತ್ತದೆ. ಎರಡು ಮಿಲಿಮೀಟರ್ ಹತ್ತಿದ್ದನ್ನೂ ನಮ್ಮ ಅಂಗಡಿಯವರು ಬಟ್ಟೆ ಹೊದಿಸುವ ಮೊದಲೇ ಹಿಡಿಯುತ್ತಾರೆ: ‘ಏನ್ ಸಾರ್, ಮೇಡಮ್ಮೋರು ಮಷಿನ್ ಹಿಡ್ದಿದ್ರಾ?’

ಸೈಡ್‌ಲಾಕ್‌ಗೆ ತಲೆ ನೇರ ಇಟ್ಟು, ಎರಡೂ ತೋರುಬೆರಳನ್ನು ಎರಡೂ ಕಡೆ ಅಂಚಿಗೆ ಅಡ್ಡ ಇಟ್ಟು ಕನ್ನಡಿಯಲ್ಲಿ ಸಮ ನೋಡಿಕೊಳ್ಳಬೇಕು. ಕಿವಿಯನ್ನು ಅಳತೆಗೆ ನಂಬಬೇಡಿ, ಬಹಳ ಜನರ ಕಿವಿಗಳು ಒಂದೇ ಎತ್ತರದಲ್ಲಿರುವುದಿಲ್ಲ.

ನಮ್ಮ ಟ್ರಿಮ್ಮರ್ 2020ರ ಲಾಕ್‌ಡೌನ್ ಕಾಲದ್ದು. ಕಟಿಂಗ್ ಅಂಗಡಿಗಳು ಮತ್ತೆ ಬಾಗಿಲು ತೆರೆಯಲು ಮೇ 19ರವರೆಗೆ ಕಾಯಬೇಕಾಗಿತ್ತು, ಎಷ್ಟೋ ಮನೆಗಳಿಗೆ ಈ ಯಂತ್ರ ಬಂದದ್ದೇ ಆಗ. ಸುಮಾರು 1,500 ರೂಪಾಯಿಯದು ಈಗಲೂ ಓಡುತ್ತಿದೆ ಅಂದರೆ ಅದಕ್ಕೆ ಕಾರಣ ಬ್ರಶ್‌ನಿಂದ ಕೂದಲು ಕೊಡವಿ ಬ್ಲೇಡಿಗೆ ಹಾಕುವ ಒಂದು ತೊಟ್ಟು ಹೊಲಿಗೆ ಮಷಿನ್ ಎಣ್ಣೆ. ಕೊಬ್ಬರಿ ಎಣ್ಣೆ ಹಾಕುವವರಿದ್ದಾರೆ. ಅದು 24 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ. ಬೆಂಗಳೂರಿನ ಡಿಸೆಂಬರಿನಲ್ಲಿ ಬ್ಲೇಡ್ ಸಂದಿಯಲ್ಲಿ ಕೂದಲು ಮತ್ತು ಎಣ್ಣೆ ಸೇರಿ ಜಿಡ್ಡು ಕಟ್ಟಿ ಮಷಿನ್ ಗುಂಯ್ ಅನ್ನುತ್ತದೆ, ಕತ್ತರಿಸುವುದಿಲ್ಲ.

ಕೊಬ್ಬರಿ ಎಣ್ಣೆಯ ಜಾಗ ತಲೆಯೇ. ಕೂದಲಿನ ಒಳಕ್ಕೆ ಇಳಿದು, ತೊಳೆಯುವಾಗ ಆಗುವ ಪ್ರೋಟೀನ್ ನಷ್ಟವನ್ನು ಅದು ತಗ್ಗಿಸುತ್ತದೆ ಅಂತ 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದೆ. ಅಧ್ಯಯನ ಮಾಡಿದವರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯ ವಿಜ್ಞಾನಿಗಳು ಅನ್ನುವುದನ್ನೂ ಜೊತೆಗೆ ನೆನಪಿಡಬೇಕು, ಆದರೆ ನಮ್ಮಜ್ಜಿಯೂ ತಲೆಗೆ ನೀರು ಹಾಕಿಕೊಳ್ಳುವ ಮುಂಚೆಯೇ ಎಣ್ಣೆ ಹಚ್ಚುತ್ತಿದ್ದಳು. ಒಂದೇ ಎಣ್ಣೆ ಹೀಗೆ ತಲೆಗೂ ಅಡುಗೆಗೂ ಆಗುವುದು ತೆರಿಗೆಯವರಿಗೆ ದೊಡ್ಡ ತಲೆನೋವಾಗಿತ್ತು. ಸಣ್ಣ ಬಾಟಲಿಯ ಕೊಬ್ಬರಿ ಎಣ್ಣೆ ಅಡುಗೆಗೋ ತಲೆಗೋ ಅನ್ನುವ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಗಿ, ತಲೆಗೆ ಅಂತಲೇ ಮಾರದಿದ್ದರೆ ಅದು ಖಾದ್ಯ ತೈಲ ಅಂತ 2024ರ ಡಿಸೆಂಬರಿನಲ್ಲಿ ತೀರ್ಮಾನವಾಯಿತು. ಖಾದ್ಯ ತೈಲಕ್ಕೆ ಜಿಎಸ್‌ಟಿ ಶೇ 5, ಕೇಶ ತೈಲಕ್ಕೆ ಆಗ ಶೇ 18. ಒಂದೇ ಎಣ್ಣೆ, ಲೇಬಲ್ ಬೇರೆ. 2025ರ ಸೆಪ್ಟೆಂಬರ್ 22ರಿಂದ ಕೇಶ ತೈಲ, ಶಾಂಪೂ ಎರಡೂ ಶೇ 5ಕ್ಕೆ ಇಳಿದ ಮೇಲೆ ಆ ಅಂತರ ಹೋಯಿತು.

ಅದೇ ದಿನ ಸೆಲೂನ್ ಸೇವೆಯ ತೆರಿಗೆಯೂ 18ರಿಂದ 5ಕ್ಕೆ ಬಂತು. ಹೆಂಡತಿಯ ಹಳೇ ಬಿಲ್: ಕಟ್‌ಗೆ 1,000, ತೆರಿಗೆ 180, ಒಟ್ಟು 1,180. ಆಮೇಲಿನ ಬಿಲ್: ಕಟ್‌ಗೆ 1,120, ತೆರಿಗೆ 56, ಒಟ್ಟು 1,176. ನಾಲ್ಕು ರೂಪಾಯಿ ನಮಗೆ ಉಳಿಯಿತು! ಅವರ ಕಡೆಯ ಮಾತೂ ಇದೆ. ಶೇ 5ರ ವ್ಯವಸ್ಥೆಯಲ್ಲಿ ಸೆಲೂನಿನವರು ಬಾಡಿಗೆ, ಸಾಮಾನಿನ ಮೇಲೆ ತಾವು ಕಟ್ಟಿದ ತೆರಿಗೆಯನ್ನು ವಜಾ ಹಾಕಿಕೊಳ್ಳುವಂತಿಲ್ಲ. ಮಾಲ್ ಬಾಡಿಗೆಯ ಮೇಲೆ ಅದು ಸಣ್ಣ ಮೊತ್ತವಲ್ಲ. ಆದರೂ ಇಳಿದ ತೆರಿಗೆಯನ್ನು ಇಷ್ಟು ಕರಾರುವಾಕ್ಕಾಗಿ ನುಂಗಿದ್ದು ನನಗೆ ಸರಿಬರಲಿಲ್ಲ. ನಿಮ್ಮ ಹಳೇ ಬಿಲ್ ಇದ್ದರೆ ಒಮ್ಮೆ ಪಕ್ಕಪಕ್ಕ ಇಟ್ಟು ನೋಡಿ. ನನ್ನ ಎರಡು ಕುರ್ಚಿಯ ಅಂಗಡಿಗೆ ಈ ತಾಪತ್ರಯವೇ ಇಲ್ಲ. ವರ್ಷದ ವಹಿವಾಟು 20 ಲಕ್ಷದೊಳಗಿನ ಸೇವೆಗೆ ಜಿಎಸ್‌ಟಿ ನೋಂದಣಿ ಬೇಡ.

ಮಾಲ್‌ನಲ್ಲಿ ಕತ್ತರಿಗಿಂತ ಹೆಚ್ಚು ದುಡ್ಡು ಹೋಗುವುದು ಬಿಲ್ ಕೌಂಟರಿನಲ್ಲಿ. ‘ಹೇರ್ ತುಂಬಾ ಡ್ರೈ ಇದೆ ಮೇಡಂ’ ಅಂದರೆ ಸೀರಮ್ ಬಂತು ಅಂತಲೇ ಅರ್ಥ. ನೆತ್ತಿಯಿಂದ ಹೊರಬಂದ ಕೂದಲಿಗೆ ಜೀವವಿಲ್ಲ, ಅದಕ್ಕೆ ಪೋಷಣೆ ಕೊಡಲು ಯಾರಿಂದಲೂ ಆಗದು. ಸೀರಮ್‌ನ ಸಿಲಿಕೋನ್ ಹೊಳಪು ಕೊಡುತ್ತದೆ, ಸಿಕ್ಕು ಬಿಡಿಸುತ್ತದೆ. ತುದಿ ಸೀಳಿದ್ದನ್ನು ಕೂಡಿಸುವುದಿಲ್ಲ. ಸೀಳದಂತೆ ನೋಡಿಕೊಳ್ಳುವುದು ಮಾತ್ರ ಕೈಯಲ್ಲಿದೆ. ಒದ್ದೆ ಕೂದಲು ಬಲಹೀನ, ಆದ್ದರಿಂದ ಟರ್ಕಿ ಟವಲಿನಿಂದ ಉಜ್ಜದೆ ನನ್ನ ಹಳೇ ಕಾಟನ್ ಪಂಚೆಯಲ್ಲಿ ಒತ್ತಿ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸುವುದು ಹೆಂಡತಿಯ ಪದ್ಧತಿ. ಗಿಡ್ಡ ಕೂದಲಿನ ನಮಗಿಬ್ಬರಿಗೂ ಒಂದು ಸ್ಯಾಶೆ ಶಾಂಪೂ ಎರಡು ಸಲಕ್ಕೆ ಬರುತ್ತದೆ. ಮಿಲಿಲೀಟರ್ ಲೆಕ್ಕ ಹಾಕಿದರೆ ಎಷ್ಟೋ ಬ್ರಾಂಡುಗಳಲ್ಲಿ ಬಾಟಲಿಗಿಂತ ಸ್ಯಾಶೆಯೇ ಅಗ್ಗ.

ನೆತ್ತಿಯ ಕೂದಲಿಗೆ ಮಾತ್ರ ಮನೆಯಲ್ಲಿ ಕೈ ಹಾಕುವುದು ಬೇಡ. ಸುಳಿ ಇರುವ ಕಡೆ ಕೂದಲು ಯಾವ ದಿಕ್ಕಿಗೆ ಏಳುತ್ತದೆ ಅನ್ನುವುದು ಕಸುಬಿನವರ ಬೆರಳಿಗೆ ಗೊತ್ತು, ಯೂಟ್ಯೂಬಿಗೆ ನಿಮ್ಮ ಸುಳಿ ಗೊತ್ತಿಲ್ಲ. ಟ್ರಿಮ್ಮರ್ ಇಲ್ಲದವರು ಅದನ್ನು ಕೊಳ್ಳುವ ಮೊದಲು ತಮ್ಮ ಅಂಗಡಿಯವರನ್ನೇ ಕೇಳಿ ನೋಡಬಹುದು. ಕತ್ತು, ಸೈಡ್‌ಲಾಕ್ ಅಷ್ಟೇ ಕ್ಲೀನ್ ಮಾಡಿಕೊಡಲು ನಮ್ಮವರು 40 ರೂಪಾಯಿ ತೆಗೆದುಕೊಳ್ಳುತ್ತಾರೆ, ಖುಷಿಯಲ್ಲಿದ್ದರೆ ಅದೂ ಬೇಡ ಅನ್ನುತ್ತಾರೆ. ನಾನು ಕೊಟ್ಟೇ ಬರುತ್ತೇನೆ.

ಯಾವ ದಿನ ಹೋಗಬೇಕು ಅನ್ನುವುದೂ ಕಟಿಂಗಿನ ಬಾಳಿಕೆಗೆ ಸೇರಿದ್ದೇ. ಮಂಗಳವಾರ ಅಂಗಡಿಗೆ ರಜೆ. ಭಾನುವಾರ ಪೇಪರ್ ಹಿಡಿದು ಕಾಯುವವರ ಸಾಲು ನೋಡಿ ಅವರ ಕತ್ತರಿ ಓಡುತ್ತದೆ. ಆ ಅವಸರದ ಕಟಿಂಗ್ ಬೇಗ ಕೆದರುತ್ತದೆ. ಶುಕ್ರವಾರ ಕೂದಲು ತೆಗೆಸಬಾರದು ಅನ್ನುವವರು ನಮ್ಮ ಏರಿಯಾದಲ್ಲಿ ಇನ್ನೂ ಬಹಳ ಜನ ಇದ್ದಾರೆ, ಹಾಗಾಗಿ ಆ ದಿನ ಬೆಳಿಗ್ಗೆ ಎರಡೂ ಕುರ್ಚಿ ಖಾಲಿ. ಅದೇ 150 ರೂಪಾಯಿಗೆ ಅರ್ಧ ಗಂಟೆ ನಿಧಾನವಾಗಿ ಕೆಲಸ ಮಾಡಿ, ಕತ್ತಿಗೆ ಪಟಿಕ ಸವರಿ ಕಳಿಸುತ್ತಾರೆ. ನಾನು ಹೋಗುವುದು ಶುಕ್ರವಾರವೇ. ಅತ್ತೆಯವರು ಕೇಳಿದರೆ ಗುರುವಾರ ಅನ್ನುತ್ತೇನೆ.