ಮಿಯೂ ಮಿನಿ ಪ್ಲಸ್‌ನಲ್ಲಿ ಆನಿಯನ್ ಅಪ್‌ಡೇಟ್: ಬರೆಯೋದು ಕಾರ್ಡ್‌ಗೋ, ಚಿಪ್‌ಗೋ?

ಮಿಯೂ ಮಿನಿ ಪ್ಲಸ್ ಅಂಗೈಯಲ್ಲಿ ಹಿಡಿದು ಆಡುವ ಪುಟ್ಟ ಗೇಮಿಂಗ್ ಸಾಧನ. 3.5 ಇಂಚಿನ ಪರದೆ, ಎರಡು ಕೋರ್‌ಗಳ ಕಾರ್ಟೆಕ್ಸ್ ಎ7 ಪ್ರೊಸೆಸರ್, 128 ಎಂಬಿ ರ‍್ಯಾಮ್. ಒಳಗೆ ಓಡುವುದು ಲಿನಕ್ಸ್. ಗೇಮ್ ಬಾಯ್‌ನಿಂದ ಹಿಡಿದು ಮೊದಲ ಪ್ಲೇಸ್ಟೇಷನ್‌ವರೆಗಿನ ಹಳೇ ಆಟಗಳಿಗೆ ಇಷ್ಟು ಸಾಕು. ಕಂಪನಿ ಕೊಟ್ಟ ತಂತ್ರಾಂಶದ ಬದಲು ಬಹಳ ಜನ ಇದರಲ್ಲಿ ಆನಿಯನ್ ಎಂಬ ಕಸ್ಟಮ್ ಫರ್ಮ್‌ವೇರ್ ಬಳಸುತ್ತಾರೆ. ಅದು ಉಚಿತ, ಅದರ ಕೋಡ್ ಕೂಡ ಮುಕ್ತ.

ಹೊಸ ಆವೃತ್ತಿ ಹಾಕುವಾಗ ಎರಡು ಭಯ ಇರುತ್ತವೆ. ಸಾಧನ ಆನ್ ಆಗದೆ ಇಟ್ಟಿಗೆ ಥರ ಬಿದ್ದುಬಿಟ್ಟರೆ? ಆಡಿದ ಆಟದ ಸೇವ್ ಹೋಗಿಬಿಟ್ಟರೆ? ಇಲ್ಲಿ ಮೊದಲನೆಯ ಭಯಕ್ಕೆ ಕಾರಣ ಕಡಿಮೆ. ಎರಡನೆಯದಕ್ಕೆ ಕಾರಣ ಇದೆ. ಯಾಕೆ ಅಂತ ನೋಡೋಣ.

ನೆನಪಿನ ಜಾಗ ಎರಡು

ಬೋರ್ಡ್ ಮೇಲೆ ಒಂದು ಸಣ್ಣ ಫ್ಲಾಶ್ ಚಿಪ್ ಇದೆ. ಬೂಟ್‌ಲೋಡರ್, ಕರ್ನಲ್ ಮತ್ತು ಕಂಪನಿಯ ಮೂಲ ವ್ಯವಸ್ಥೆ ಇರುವುದು ಅದರಲ್ಲಿ. ಇನ್ನೊಂದು ಜಾಗ ನಾವು ಹಾಕುವ ಮೈಕ್ರೋ ಎಸ್‌ಡಿ ಕಾರ್ಡ್.

ಸಾಧನ ಆನ್ ಆದಾಗ ಮೊದಲು ಬೂಟ್‌ಲೋಡರ್, ಆಮೇಲೆ ಕರ್ನಲ್ ಏಳುತ್ತದೆ. ನಂತರ ಮೂಲ ವ್ಯವಸ್ಥೆಯ ಒಂದು ಸ್ಕ್ರಿಪ್ಟ್ ಕಾರ್ಡ್ ಕಡೆ ನೋಡುತ್ತದೆ. ಅಲ್ಲಿ ಚುಕ್ಕೆಯಿಂದ ಶುರುವಾಗುವ ‘ಟೆಂಪ್ ಅಪ್‌ಡೇಟ್’ ಫೋಲ್ಡರ್ ಇದ್ದು, ಅದರೊಳಗೆ ‘ಅಪ್‌ಡೇಟರ್’ ಎಂಬ ಫೈಲ್ ಸಿಕ್ಕರೆ ಅದನ್ನೇ ಓಡಿಸುತ್ತದೆ. ಆನಿಯನ್ ಒಳಗೆ ಬರೋದು ಈ ಬಾಗಿಲಿನಿಂದ. ಅಂದರೆ ಆನಿಯನ್ ವಾಸ ಪೂರ್ತಿ ಕಾರ್ಡ್ ಮೇಲೆ. ಅಪ್‌ಡೇಟ್ ಅರ್ಧದಲ್ಲಿ ನಿಂತರೆ ಕೆಡುವುದು ಕಾರ್ಡ್‌ನ ಫೈಲುಗಳು. ಮತ್ತೆ ಬರೆದರಾಯಿತು.

ಸೋನಿ ಪಿಎಸ್‌ಪಿಯಲ್ಲಿ ಹೀಗಿರಲಿಲ್ಲ. ಅದರ ಹಳೆಯ ಕಸ್ಟಮ್ ಫರ್ಮ್‌ವೇರ್‌ಗಳು ಒಳಗಿನ ಫ್ಲಾಶ್‌ಗೇ ಬರೆಯುತ್ತಿದ್ದವು. ಬರೆಯುವಾಗ ಕರೆಂಟ್ ಹೋದರೆ ಸಾಧನ ಏಳುತ್ತಿರಲಿಲ್ಲ. ಆಗ ‘ಪಂಡೋರಾ’ ಬ್ಯಾಟರಿ ಬೇಕಾಗುತ್ತಿತ್ತು. ಬ್ಯಾಟರಿಯ ಸೀರಿಯಲ್ ನಂಬರ್ ಬದಲಿಸಿದರೆ ಹಳೆಯ ಮಾದರಿಯ ಪಿಎಸ್‌ಪಿ ಸರ್ವೀಸ್ ಮೋಡ್‌ಗೆ ಹೋಗಿ ಮೆಮೊರಿ ಸ್ಟಿಕ್‌ನಿಂದ ಬೂಟ್ ಆಗುತ್ತಿತ್ತು.

ಮಿಯೂನಲ್ಲೂ ಒಂದು ಅಪವಾದ ಇದೆ. ಕಂಪನಿಯ ಸ್ವಂತ ಫರ್ಮ್‌ವೇರ್ ಅಪ್‌ಡೇಟ್ ಚಿಪ್‌ಗೆ ಬರೆಯುತ್ತದೆ. ಅದಕ್ಕೂ ಆನಿಯನ್ ಅಪ್‌ಡೇಟ್‌ಗೂ ಸಂಬಂಧವಿಲ್ಲ. ಅಗತ್ಯ ಬಿದ್ದು ಮಾಡಲೇಬೇಕಾದರೆ ಮುಗಿಯುವವರೆಗೆ ಚಾರ್ಜರ್ ತೆಗೆಯಬೇಡಿ.

ಸೇವ್ ಕೂಡ ಎರಡು ಬಗೆ

ಮೊದಲನೆಯದು ಆಟದ ಮೆನುವಿನಲ್ಲಿ ಮಾಡುವ ಸೇವ್. ಹಳೇ ಕಾರ್ಟ್ರಿಜ್‌ನ ಸೇವ್ ಮೆಮೊರಿಯಲ್ಲಿ ಇರುತ್ತಿದ್ದದ್ದೇ ಇಲ್ಲಿ ಫೈಲ್ ಆಗಿರುತ್ತದೆ. ಪೋಕೆಮಾನ್ ಎಮರಾಲ್ಡ್‌ಗೆ ಅದು 128 ಕೆಬಿ. ಅದರ ವಿನ್ಯಾಸ ಆಟದ್ದೇ ಆದ್ದರಿಂದ ಎಮ್ಯುಲೇಟರ್ ಬದಲಾದರೂ ಸಾಮಾನ್ಯವಾಗಿ ತೆರೆಯುತ್ತದೆ.

ಎರಡನೆಯದು ಸೇವ್ ಸ್ಟೇಟ್. ಇದು ಆ ಕ್ಷಣದ ಇಡೀ ಯಂತ್ರದ ಫೋಟೋ ಇದ್ದಂತೆ. ಗೇಮ್ ಬಾಯ್ ಅಡ್ವಾನ್ಸ್ ಆದರೆ 256 ಮತ್ತು 32 ಕೆಬಿಯ ಕೆಲಸದ ರ‍್ಯಾಮ್, 96 ಕೆಬಿ ವಿಡಿಯೋ ರ‍್ಯಾಮ್, ಪ್ರೊಸೆಸರ್‌ನ ರಿಜಿಸ್ಟರ್‌ಗಳು ಎಲ್ಲಾ ಸೇರಿ. ಇವನ್ನು ಯಾವ ಕ್ರಮದಲ್ಲಿ ಜೋಡಿಸಬೇಕು ಅಂತ ತೀರ್ಮಾನಿಸುವುದು ಎಮ್ಯುಲೇಟರ್ ಬರೆದವರು. ಅಪ್‌ಡೇಟ್ ಜೊತೆ ಎಮ್ಯುಲೇಟರ್‌ನ ಹೊಸ ಆವೃತ್ತಿ ಬಂದು ಆ ಕ್ರಮ ಬದಲಾಗಿದ್ದರೆ ಹಳೇ ಸ್ಟೇಟ್ ತೆರೆಯದೇ ಹೋಗಬಹುದು.

ಸಮಸ್ಯೆ ಆಗೋದು ಇಲ್ಲೇ. ಆನಿಯನ್‌ನಲ್ಲಿ ಪವರ್ ಬಟನ್ ಒತ್ತಿ ಆಫ್ ಮಾಡಿದರೆ ಸ್ಟೇಟ್ ತಾನಾಗಿ ಸೇವ್ ಆಗುತ್ತದೆ, ಮತ್ತೆ ಆನ್ ಮಾಡಿದರೆ ನಿಲ್ಲಿಸಿದ ಕಡೆಯಿಂದಲೇ ಆಟ ಶುರು. ಇದು ರೂಢಿಯಾದ ಮೇಲೆ ಆಟದ ಒಳಗೆ ಸೇವ್ ಮಾಡೋದು ಮರೆತೇಹೋಗುತ್ತದೆ. ಹಾಗಾಗಿ ನಲವತ್ತು ಗಂಟೆಯ ಆಟ ಒಂದೇ ಒಂದು ಸ್ಟೇಟ್ ಫೈಲ್ ಮೇಲೆ ನಿಂತಿರಬಹುದು.

ಕೆಲಸದ ಕ್ರಮ

1. ನಡುವೆ ನಿಲ್ಲಿಸಿದ ಪ್ರತಿ ಆಟವನ್ನೂ ತೆರೆದು, ಆಟದ ಮೆನುವಿನಲ್ಲೇ ಸೇವ್ ಮಾಡಿ. ಇದನ್ನು ಮಾತ್ರ ಬಿಡಬೇಡಿ.

2. ಸಾಧನವನ್ನು ಸರಿಯಾಗಿ ಆಫ್ ಮಾಡಿ, ಕಾರ್ಡ್ ತೆಗೆದು ಲ್ಯಾಪ್‌ಟಾಪ್‌ಗೆ ಹಾಕಿ. ಸಾಧ್ಯವಾದರೆ ಇಡೀ ಕಾರ್ಡ್ ನಕಲು ಮಾಡಿ. ಜಾಗ ಇಲ್ಲದಿದ್ದರೆ ‘ಸೇವ್ಸ್’ ಫೋಲ್ಡರ್ ಆದರೂ ಇರಲಿ.

3. ಕಾರ್ಡ್ ಫ್ಯಾಟ್32 ಆಗಿರಬೇಕು. 64 ಜಿಬಿ ಕಾರ್ಡ್‌ಗಳು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಆಗಿ ಬರುತ್ತವೆ. ಹೊಸ ಕಾರ್ಡ್ ಹಾಕುವುದಾದರೆ ರೂಫಸ್‌ನಂಥ ಸಾಧನದಿಂದ ಮೊದಲೇ ಫಾರ್ಮ್ಯಾಟ್ ಮಾಡಿಕೊಳ್ಳಿ.

4. ಹೊಸ ಆವೃತ್ತಿಯ ಜಿಪ್ ಫೈಲ್ ಬಿಚ್ಚಿ, ಒಳಗಿನದ್ದನ್ನೆಲ್ಲ ಕಾರ್ಡ್‌ನ ಮೊದಲ ಹಂತಕ್ಕೆ ಹಾಕಿ. ಚುಕ್ಕೆಯ ಫೋಲ್ಡರ್ ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ಕಣ್ಣಿಗೆ ಕಾಣಲ್ಲ, ಅದೂ ಹೋಗಿದೆಯೇ ನೋಡಿ. ಒಂದೇ ಹೆಸರಿನ ಫೋಲ್ಡರ್ ಎದುರಾದರೆ ವಿಂಡೋಸ್ ಹಳೆಯದರ ಜೊತೆ ಸೇರಿಸುತ್ತದೆ. ಮ್ಯಾಕ್‌ನಲ್ಲಿ ‘ರಿಪ್ಲೇಸ್’ ಒತ್ತಿದರೆ ಹಳೇ ಫೋಲ್ಡರ್ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಅಲ್ಲಿ ‘ಮರ್ಜ್’ ಆರಿಸಬೇಕು.

5. ‘ಇಜೆಕ್ಟ್’ ಮಾಡಿಯೇ ಕಾರ್ಡ್ ತೆಗೆಯಿರಿ. ಫ್ಯಾಟ್32ಕ್ಕೆ ಜರ್ನಲಿಂಗ್ ಇಲ್ಲ. ಅರ್ಧ ಬರೆದದ್ದನ್ನು ಅದು ತಾನಾಗಿ ಸರಿಮಾಡಿಕೊಳ್ಳಲ್ಲ.

6. ಬ್ಯಾಟರಿ ಸಾಕಷ್ಟು ಇದ್ದಾಗ ಆನ್ ಮಾಡಿ. ಇನ್‌ಸ್ಟಾಲರ್ ಬರುತ್ತದೆ. ಅಪ್‌ಡೇಟ್ ಆಯ್ಕೆ ಮಾಡಿ, ಮುಗಿಯುವವರೆಗೆ ಸುಮ್ಮನಿರಿ.

7. ಒಂದೊಂದೇ ಆಟ ತೆರೆದು ಮೆನುವಿನ ಸೇವ್ ಬರುತ್ತಾ ನೋಡಿ. ನಕಲನ್ನು ಒಂದು ವಾರ ಅಳಿಸಬೇಡಿ.

ಪ್ಲಸ್ ಮಾದರಿಯಲ್ಲಿ ವೈಫೈ ಇರುವುದರಿಂದ ಸಾಧನದಲ್ಲೇ ಅಪ್‌ಡೇಟ್ ಇಳಿಸಿಕೊಳ್ಳಬಹುದು. ಆಗಲೂ ಮೊದಲ ಎರಡು ಹೆಜ್ಜೆ ಬಿಡುವಂತಿಲ್ಲ. ಇನ್ನೊಂದು ಮಾತು: ಫರ್ಮ್‌ವೇರ್ ಉಚಿತ ಅಂದ ಮಾತ್ರಕ್ಕೆ ಆಟಗಳೂ ಉಚಿತ ಅಲ್ಲ. ಅವುಗಳಿಗೆ ಕಾಪಿರೈಟ್ ಇದೆ. ಹಳೇ ಯಂತ್ರಗಳಿಗಾಗಿ ಹವ್ಯಾಸಿಗಳು ಬರೆದು ಉಚಿತವಾಗಿ ಹಂಚುವ ಹೋಂಬ್ರೂ ಆಟಗಳಿಂದ ಶುರು ಮಾಡಬಹುದು.

ನಮ್ಮ ಪ್ರಾಜೆಕ್ಟ್‌ಗಳಿಗೂ ಇದೇ ಪಾಠ

ಇಎಸ್‌ಪಿ32ರಲ್ಲಿ ವೈಫೈ ಮೂಲಕ ಅಪ್‌ಡೇಟ್ ಮಾಡುವಾಗ ಹೊಸ ಕೋಡ್ ಬೀಳುವುದು ಓಡುತ್ತಿರುವ ಪಾರ್ಟಿಶನ್‌ಗೆ ಅಲ್ಲ, ಪಕ್ಕದ್ದಕ್ಕೆ. ಬರೆದು ಮುಗಿದು ಪರಿಶೀಲನೆ ಆದ ಮೇಲಷ್ಟೇ ಬೂಟ್ ಆ ಕಡೆ ತಿರುಗುತ್ತದೆ. ಆಂಡ್ರಾಯ್ಡ್ 7.0 ತಂದ ಎ/ಬಿ ಅಪ್‌ಡೇಟ್ ಕೂಡ ಇದೇ ಉಪಾಯ. ರಾಸ್ಪ್‌ಬೆರಿ ಪೈ ಪಿಕೋದಲ್ಲಿ ಬೂಟ್‌ಲೋಡರ್ ಇರುವುದು ಅಳಿಸಲಾಗದ ರಾಮ್‌ನಲ್ಲಿ. ಹಾಗಾಗಿ ನಮ್ಮ ಕೋಡ್ ಎಷ್ಟೇ ಕೆಟ್ಟರೂ ಬಟನ್ ಒತ್ತಿ ಹಿಡಿದು ಮತ್ತೆ ಶುರು ಮಾಡಬಹುದು.

ಯಾವ ಬೋರ್ಡ್‌ಗೆ ಕೈ ಹಾಕುವ ಮುಂಚೆಯೂ ಮೂರು ಪ್ರಶ್ನೆ ಕೇಳಿಕೊಳ್ಳೋಣ. ಈ ಬರಹ ಎಲ್ಲಿಗೆ ಬೀಳುತ್ತೆ? ಅರ್ಧಕ್ಕೆ ನಿಂತರೆ ಮತ್ತೆ ಏಳೋಕೆ ಏನು ಉಳಿದಿರುತ್ತೆ? ಹೋದರೆ ಮರಳಿ ಬಾರದ್ದು ಯಾವುದು, ಅದರ ನಕಲು ಎಲ್ಲಿದೆ?