ಕಡಿಮೆ ಖರ್ಚಿನ ಹಡಗುಯಾನ ಮತ್ತು ವಾಕರಿಕೆ

ಮುಂಬೈಯಿಂದ ಗೋವಾ ಅಥವಾ ಲಕ್ಷದ್ವೀಪಕ್ಕೆ ಹೋಗುವ ವಿಹಾರ ಹಡಗನ್ನು ಮಿತವಾದ ಖರ್ಚಿನಲ್ಲಿ ಏರಬಯಸುವ, ಆದರೆ ಘಾಟಿ ರಸ್ತೆಯ ಬಸ್ಸಿನಲ್ಲೇ ವಾಂತಿಯಿಂದ ಬಳಲುವ ಓದುಗರಿಗೆ ಇಲ್ಲೊಂದು ಅನುಕೂಲವಿದೆ: ಅಗ್ಗದ ಕ್ಯಾಬಿನ್ನೇ ಹಲವೊಮ್ಮೆ ಹೊಟ್ಟೆಗೂ ಹಿತವಾದದ್ದು. ದೇಹದ ಸಮತೋಲನ ಕಾಯುವ ಒಳಕಿವಿಯ ಅಂಗವು ಚಲನೆಯನ್ನು ಗ್ರಹಿಸುತ್ತಿರುವಾಗಲೇ ಕಣ್ಣಿಗೆ ಕೋಣೆಯ ಗೋಡೆಗಳು ನಿಶ್ಚಲವಾಗಿ ಕಾಣುವುದರಿಂದ, ಮಿದುಳಿಗೆ ಪರಸ್ಪರ ವಿರುದ್ಧವಾದ ಸೂಚನೆಗಳು ತಲುಪಿ ವಾಕರಿಕೆ ಹುಟ್ಟುತ್ತದೆ. ಹಡಗಿನ ಓಲಾಟವು ಮುಂತುದಿ, ಹಿಂತುದಿ ಮತ್ತು ಮೇಲಿನ ಅಂತಸ್ತುಗಳಲ್ಲಿ ಹೆಚ್ಚು, ಕೆಳ ಅಂತಸ್ತಿನ ನಡುಭಾಗದಲ್ಲಿ ಕಡಿಮೆ. ಕಿಟಕಿಯಿಲ್ಲದ, ಕಡಿಮೆ ದರದ ಒಳಕೋಣೆಗಳು ಅಲ್ಲಿಯೂ ಸಿಗುತ್ತವೆ. ಆದರೆ ಕೋಣೆಯ ಆಯ್ಕೆಯನ್ನು ಕಂಪನಿಗೇ ಬಿಟ್ಟುಕೊಡುವ ಟಿಕೆಟ್ಟು ಎಷ್ಟೇ ಅಗ್ಗವಾದರೂ ಇಂಥವರಿಗೆ ತಕ್ಕುದಲ್ಲ, ಏಕೆಂದರೆ ಮುಂತುದಿಯ ಕೋಣೆ ಪಾಲಿಗೆ ಬಂದರೆ ಉಳಿಸಿದ ಹಣಕ್ಕೆ ಅರ್ಥವಿರುವುದಿಲ್ಲ. ಹಗಲಿನಲ್ಲಿ ಕೋಣೆಯೊಳಗೆ ಮೊಬೈಲ್ ನೋಡುತ್ತ ಮಲಗುವ ಬದಲು ತೆರೆದ ಡೆಕ್ಕಿನಲ್ಲಿ ನಿಂತು ದಿಗಂತವನ್ನು ನೋಡುವುದು ಲೇಸು.

ಮುಂಗಾರಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬೀ ಸಮುದ್ರ ಪ್ರಕ್ಷುಬ್ಧವಾಗಿರುವುದರಿಂದ, ರಿಯಾಯಿತಿಗಿಂತ ಋತುವನ್ನು ಮೊದಲು ನೋಡಬೇಕು. ಪ್ರೊಮೆಥಜೀನ್, ಡೈಮೆನ್‌ಹೈಡ್ರಿನೇಟ್‌ನಂಥ ವಾಂತಿನಿರೋಧಕ ಗುಳಿಗೆಗಳನ್ನು ಹಡಗು ಹೊರಡುವ ಮೊದಲೇ ಸೇವಿಸಬೇಕು. ವಾಂತಿ ಶುರುವಾದ ಮೇಲೆ ನುಂಗಿದ ಗುಳಿಗೆ ಹೊಟ್ಟೆಯಲ್ಲಿ ನಿಲ್ಲುವುದು ಕಷ್ಟ. ಇವು ತೂಕಡಿಕೆ ತರುವುದರಿಂದ ಮದ್ಯದೊಡನೆ ಸಲ್ಲವು. ಗರ್ಭಿಣಿಯರು, ಗ್ಲಾಕೋಮಾ ಎಂಬ ಕಣ್ಣಿನ ಒತ್ತಡದ ರೋಗವುಳ್ಳವರು ಮತ್ತು ಪ್ರಾಸ್ಟೇಟ್ ಗ್ರಂಥಿ ಊದಿರುವವರು ವೈದ್ಯರನ್ನು ಕೇಳದೆ ಇವನ್ನು ಮುಟ್ಟಬಾರದು. ಕಡಲಿನ ಓಲಾಟಕ್ಕೆ ಹೆಚ್ಚಿನವರ ದೇಹ ಒಗ್ಗಿಕೊಳ್ಳಲು ಸಾಮಾನ್ಯವಾಗಿ 2–3 ದಿನ ಬೇಕಾಗುವುದರಿಂದ, ಎರಡು ರಾತ್ರಿಯ ಅಗ್ಗದ ಪ್ರವಾಸವು ದೇಹ ಒಗ್ಗುವ ಹೊತ್ತಿಗೇ ಮುಗಿದುಹೋಗಬಹುದು.