ಐದು ನಿಮಿಷದ ಭಾಷಣ ಎಷ್ಟು ಉದ್ದ?

ಕಂದಾ, ರಾಜ್ಯೋತ್ಸವದ ದಿನ ಸೂಲಿಬೆಲೆಯ ಶಾಲೆಯಲ್ಲಿ ಐದು ನಿಮಿಷ ಮಾತಾಡಬೇಕು, ಎಷ್ಟು ಪುಟ ಬರೆಯಲಿ ತಾತಾ ಅಂತ ಕೇಳಿದೆಯಲ್ಲ. ಪುಟದ ಲೆಕ್ಕ ಬಿಡು. ಒಬ್ಬರ ಕೈಬರಹದಲ್ಲಿ ಹದಿನೈದು ಸಾಲಿಗೇ ಪುಟ ತುಂಬುತ್ತೆ, ಇನ್ನೊಬ್ಬರದು ಮೂವತ್ತು ಸಾಲು ಹಿಡಿಯುತ್ತೆ. ಮಕ್ಕಳಿಗೆ ಭಾಷಣ ಬರೆಸಿ ಓದಿಸಿದ ಮೇಷ್ಟ್ರ ಮಾತು ಇದು, ಕೇಳಿಸಿಕೋ.

• ಮೊದಲು ನಿನ್ನ ವೇಗ ತಿಳಿದುಕೋ. ಕನ್ನಡ ಪುಸ್ತಕದ ಒಂದು ಗದ್ಯಪಾಠ ತೆಗೆದು, ಎದ್ದು ನಿಂತು, ಅಂಗಳದ ಆ ತುದಿಯಲ್ಲಿರುವವರಿಗೂ ಕೇಳಿಸುವ ಹಾಗೆ ಸರಿಯಾಗಿ ಒಂದು ನಿಮಿಷ ಓದು. ನಿಂತ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿ ಪದ ಎಣಿಸು. 90 ಬಂತು ಅಂತಿಟ್ಟುಕೋ, ಐದು ನಿಮಿಷಕ್ಕೆ 450 ಆಯಿತು. ಬರೆಯುವುದನ್ನು ಮಾತ್ರ 400ಕ್ಕೇ ನಿಲ್ಲಿಸು. ಚಪ್ಪಾಳೆಗೆ, ಉಸಿರಿಗೆ, ಮೈಕು ತಗ್ಗಿಸುವುದಕ್ಕೆ ಸಮಯ ಬೇಕೇ ಬೇಕು.

• ಮನಸ್ಸಿನಲ್ಲೇ ಓದಿಕೊಂಡು ಗಡಿಯಾರ ನೋಡಬೇಡ. ಕಣ್ಣು ಓಡಿದಷ್ಟು ಬೇಗ ನಾಲಿಗೆ ಓಡುವುದಿಲ್ಲ. ಇಂಗ್ಲಿಷ್ ಓದಿನ ಬಗ್ಗೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ಬೆಲ್ಜಿಯಂನ ಮಾರ್ಕ್ ಬ್ರಿಸ್‌ಬರ್ಟ್ 2019ರಲ್ಲಿ ಸರಾಸರಿ ಕೊಟ್ಟರು: ಕಥೆಯಲ್ಲದ ಬರಹವನ್ನು ಮೌನವಾಗಿ ಓದಿದರೆ ನಿಮಿಷಕ್ಕೆ 238 ಪದ, ಗಟ್ಟಿಯಾಗಿ ಓದಿದರೆ 183. ಆ ಅಂಕಿಯನ್ನು ಕನ್ನಡಕ್ಕೆ ಹಾಕಲು ಹೋಗಬೇಡ. ನಮ್ಮಲ್ಲಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುತ್ತವೆ. ಪದ ಉದ್ದವಾಗುತ್ತೆ, ಎಣಿಕೆ ಇಳಿಯುತ್ತೆ.

• ಅದಕ್ಕೇ ಪದಕ್ಕಿಂತ ಅಕ್ಷರದ ಎಣಿಕೆಯನ್ನು ನಂಬು. ‘ಅವ್ವ ಬಂದಳು’ ಎರಡು ಪದ, ಐದು ಅಕ್ಷರ. ‘ಹೋಗಬೇಕಾಗಿರುವುದರಿಂದ’ ಒಂದೇ ಪದ, ಹತ್ತು ಅಕ್ಷರ. ನಮ್ಮ ಛಂದಸ್ಸಿನವರು ಇನ್ನೂ ನಯವಾಗಿ ಅಳೆದಿದ್ದಾರೆ: ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮಾತ್ರೆ ಅಂದರೆ ಉಚ್ಚಾರಕ್ಕೆ ಹಿಡಿಯುವ ಕಾಲವೇ. ಭಾಮಿನಿ ಷಟ್ಪದಿಯಲ್ಲಿ ಹದಿನಾಲ್ಕು ಮಾತ್ರೆಯ ನಾಲ್ಕು ಸಾಲು, ಇಪ್ಪತ್ಮೂರರ ಎರಡು ಸಾಲು, ಒಟ್ಟು 102. ಹಾಗಾಗಿ ಕುಮಾರವ್ಯಾಸನ ಒಂದು ಪದ್ಯವನ್ನು ರಾಗವಿಲ್ಲದೆ ಓದಿ ಸಮಯ ನೋಡಿಕೊಂಡರೆ ಹತ್ತು ಪದ್ಯದ ಸಮಯ ಸಿಕ್ಕಿದ ಹಾಗೆಯೇ. ಗಮಕಿಗಳು ರಾಗ ಹಿಡಿದರೆ ಈ ಲೆಕ್ಕ ನಡೆಯದು, ನಡೆಯಲೂಬಾರದು. ಅವರು ಒಂದು ಸಾಲಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತಾರೆ ಅನ್ನುವುದರಲ್ಲೇ ಅದರ ಸೊಗಸು.

• ಕಾರ್ಯಕ್ರಮದ ಪಟ್ಟಿ ಬರೆಯುವ ಕೆಲಸವೂ ನಿನ್ನ ಮೇಲೆ ಬಿದ್ದರೆ ಹಾಡುಗಳನ್ನು ಮರೆಯಬೇಡ. ಕುವೆಂಪು ಅವರ ನಾಡಗೀತೆಯನ್ನು ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ, ಆಲಾಪವಾಗಲಿ ಪುನರಾವರ್ತನೆಯಾಗಲಿ ಇಲ್ಲದೆ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು ಸರ್ಕಾರ 2022ರಲ್ಲಿ ಗೊತ್ತುಮಾಡಿತು. ರಾಷ್ಟ್ರಗೀತೆಗೆ 52 ಸೆಕೆಂಡು.

• ಅಂಕಿಗಳನ್ನು ಬಾಯಿಗೆ ಬರುವ ಹಾಗೆ ಅಕ್ಷರದಲ್ಲೇ ಬರೆದುಕೋ. 1956 ಕಾಗದದ ಮೇಲೆ ನಾಲ್ಕು ಅಂಕಿ. ‘ಸಾವಿರದ ಒಂಬೈನೂರ ಐವತ್ತಾರು’ ಅಂತ ಹೇಳಿ ನೋಡು, ಹನ್ನೆರಡು ಅಕ್ಷರ. ರಾಜ್ಯ ಒಂದಾದ 1956, ಕರ್ನಾಟಕ ಅಂತ ಹೆಸರಾದ 1973, ಇವೆರಡು ಇಸವಿ ಸಾಕು. ‘ತಾ.ಪಂ.’, ‘ಡಾ.’ ಇವೂ ಬಾಯಲ್ಲಿ ಹಿಗ್ಗುತ್ತವೆ.

• ‘ವೇದಿಕೆ ಮೇಲೆ ಆಸೀನರಾಗಿರುವ’ ಅಂತ ಶುರುಮಾಡಿ ಪ್ರತಿಯೊಬ್ಬರ ಹೆಸರು, ಹುದ್ದೆ, ಬಿರುದು ಹೇಳುತ್ತಾ ಹೋದರೆ ತಲೆಗೆ ಐದು ಸೆಕೆಂಡಾದರೂ ಬೇಕು. ಹನ್ನೆರಡು ಜನ ಕೂತಿದ್ದರೆ ಒಂದು ನಿಮಿಷ ಹೋಯಿತು, ನಿನ್ನ ಪಾಲಿನ ಐದರಲ್ಲಿ ಒಂದು. ಎದುರಿಗೆ ಪುಟ್ಟ ಮಕ್ಕಳು ಬಿಸಿಲಲ್ಲಿ ಕೂತಿರುತ್ತಾರೆ, ಅವರ ಮೇಲೆ ಕರುಣೆ ಇರಲಿ. ಸ್ವಾಗತ ಮಾಡಿದವರು ಹೆಸರು ಹೇಳಿಯಾಗಿರುತ್ತೆ. ನೀನು ಎಲ್ಲರಿಗೂ ಒಟ್ಟಿಗೆ ನಮಸ್ಕಾರ ಹೇಳಿ ವಿಷಯಕ್ಕೆ ಬಾ.

• ನಿನ್ನ ಜೊತೆ ಸಂವಿಧಾನದ ಪೀಠಿಕೆ ಓದುವ ಹುಡುಗನಿಗೆ ನಿನ್ನ ವೇಗ ಹೊಂದುತ್ತದೆ ಅಂದುಕೊಳ್ಳಬೇಡ. ನಮ್ಮ ಸೀಮೆಯಲ್ಲಿ ತೆಲುಗು, ಉರ್ದು ಮನೆಮಾತಿನವರೂ ಇದ್ದಾರೆ. ಅಂಥ ಮಕ್ಕಳು ಎಷ್ಟು ಚುರುಕಾಗಿ ಮಾತಾಡಿದರೂ ‘ಸಾರ್ವಭೌಮ’ದಂಥ ಪದ ಬಂದಾಗ ತಡೆದು ಓದುವುದುಂಟು. ಅವನಿಂದಲೇ ಓದಿಸಿ ಸಮಯ ಬರೆದುಕೋ. ಆತುರಪಡಿಸಬೇಡ, ಅವನಿಗೆ ಬೇಕಾದಷ್ಟು ಹೊತ್ತನ್ನು ಪಟ್ಟಿಯಲ್ಲೇ ಇಟ್ಟುಬಿಡು.

• ಮುಂಚೆ ಮಾತಾಡಿದವರು ನಿನ್ನ ಸಮಯ ತಿಂದುಹಾಕಿರಬಹುದು. ಬಿಟ್ಟರೂ ನಡೆಯುವ ಒಂದು ಪ್ಯಾರಾ ನಡುವೆ ಇರಲಿ, ಅದಕ್ಕೆ ಪಕ್ಕದಲ್ಲಿ ಗೆರೆ ಎಳೆದು ಎಷ್ಟು ಸೆಕೆಂಡು ಅಂತ ಬರೆದಿಟ್ಟುಕೋ. ಕೊನೆಯ ಪ್ಯಾರಾಕ್ಕೆ ಮಾತ್ರ ಕೈಹಾಕಬೇಡ. ಅದನ್ನು ಬಾಯಿಪಾಠ ಮಾಡಿಕೋ, ಕಾಗದ ಮಡಚಿಟ್ಟು ಜನರ ಮುಖ ನೋಡಿಕೊಂಡೇ ಹೇಳು.